ಉಸಿರಿಗಷ್ಟು ಜಾಗ

ಗುರುವಾರ ಎಂಟಕ್ಕೆ ಅಂಗಡಿಯ ಷಟರ್ ಎಳೆದು
ಮಜಗಾಂವಿನ ಇಳಿಜಾರಿನಲ್ಲಿ ನಡೆದು ಬರುತ್ತೇನೆ,
ತೋಳಿಗೆ ಅಂಟಿದ ದಾರದ ತುಂಡುಗಳ ಸಮೇತ.
ಸಾಳವೆ ಮಾಮಾ ಚರ್ಚಿನ ಬೀಗ ತೆಗೆದು ಒಂದೇ ದೀಪ ಹಾಕುತ್ತಾರೆ.
ಫ್ಯಾನು ಬೇಕಾದರೆ ಹತ್ತು ರೂಪಾಯಿ.
ಬೇಡ. ಗಾಳಿಯ ಕೆಲಸ ನನ್ನ ಕಾಲಿನದು.

ಭಾನುವಾರ ಬೆಳಿಗ್ಗೆ ಇಲ್ಲಿ ಮರಾಠಿ, ಮಧ್ಯಾಹ್ನ ತಮಿಳು,
ನಾಲ್ಕೂವರೆಗೆ ನಾವು, ಕನ್ನಡದ ನಲವತ್ತು ಮಂದಿ,
ಹಿಂದಿನವರ ಬಿಸಿ ಇನ್ನೂ ಆರದ ಬೆಂಚುಗಳಲ್ಲಿ.
ಎಲ್ಲರಿಗೂ ಒಂದೇ ಪೆಡಲು ಆರ್ಗನ್.
ಜುಲೈಯಲ್ಲಿ ಅದರ ಮರ ಉಬ್ಬಿ
ನಡುವಿನ ಮಧ್ಯಮ ಒತ್ತಿದರೆ ಏಳುವುದಿಲ್ಲ.
ಇಲಿ ಎರಡು ಸಲ ತಿದಿ ಕಡಿದಿದೆ;
ನಾನೇ ತೇಪೆ ಹಾಕಿದ್ದೇನೆ, ಯಾರದೋ ಹಳೆ ರೇನ್‌ಕೋಟಿನಿಂದ.

ಕಲಿಸಿದವರು ಯೋಗಾನಂದ ಕರ್ಕಡ ಮಾಸ್ತರು,
ಬಂದರಿನ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು.
ಮೊದಲ ಆರು ತಿಂಗಳು ಬಿಳಿ ಕರಿ ಮುಟ್ಟಗೊಡಲಿಲ್ಲ.
"ಮೊದಲು ಪದ ಓದು. ಗಟ್ಟಿಯಾಗಿ. ಐದೂ ಚರಣ.
ಯಾವ ಸಾಲಿನಲ್ಲಿ ಅಳು ಇದೆ, ಎಲ್ಲಿ ದೇವರ ಜೊತೆ ಜಗಳ ಇದೆ,
ತಿಳಿಯದೆ ಬೆರಳಿಡುವವನು
ಅಳತೆ ತೆಗೆಯದೆ ಬಟ್ಟೆ ಕತ್ತರಿಸುವವನು."
ಆಮೇಲೆ ಎಡಗೈ ಮಾತ್ರ, ಒಂದು ಮಳೆಗಾಲ ಪೂರ್ತಿ.
ಕಾಲಿನ ಲಯ ಅವರು ತಿದ್ದಲಿಲ್ಲ;
ಅದನ್ನು ಹೊಲಿಗೆ ಮಿಷನ್ನು ಮೊದಲೇ ಕಲಿಸಿತ್ತು.

ಅವರು ಹೋದ ಮೇಲೆ ಸಡಿಲಾದೆ.
ಮೇ ತಿಂಗಳು, ಮದುವೆ ಸೂಟುಗಳ ರಾಶಿ,
ಗುರುವಾರಗಳು ಒಂದೊಂದಾಗಿ ಉದುರಿದವು, ಗುಂಡಿಗಳ ಹಾಗೆ.
ಬೆರಳಿಗೆ ಗೊತ್ತಿದೆಯಲ್ಲ, ಅಂದುಕೊಂಡೆ.
ಬೆರಳಿಗೆ ಗೊತ್ತಿದ್ದದ್ದು ಮೆರೆಯುವುದು:
ಎರಡು ಸಾಲಿನ ನಡುವೆ ಒಂದು ಜಾರು, ಕೊನೆಗೊಂದು ಕುಣಿತ,
ಹಿಂದಿನ ಬೆಂಚಿನ ಹುಡುಗರು ತಲೆಯೆತ್ತಿ ನೋಡುವಷ್ಟು.
ಆ ನೋಟ ರುಚಿಯಾಗಿತ್ತು. ಸುಳ್ಳು ಹೇಳಲಾರೆ.

ಸತ್ಯವತಿಯಮ್ಮ ಸಾಲಿನ್ಸ್, ಗಂಡನ ಸ್ಮರಣೆಯ ಭಾನುವಾರ,
ತಾವೇ ಆರಿಸಿದ್ದರು, ಇನ್ನೂರ ಹದಿನಾಲ್ಕನೇ ಗೀತೆ.
ಮೂಲ್ಕಿಯಲ್ಲಿ ಅವರ ಮದುವೆಗೂ ಅದನ್ನೇ ಹಾಡಿದ್ದರಂತೆ.
ನಾನು ಆ ಪುಟ ತೆರೆದು ತಿಂಗಳುಗಳಾಗಿದ್ದವು.
ತಪ್ಪು ಸ್ವರ ಒಂದೂ ಬೀಳಲಿಲ್ಲ, ಅದೇ ವಿಚಿತ್ರ;
ಹಿಂದೆ ಬಿದ್ದದ್ದು ಅವರು. ಎರಡನೇ ಚರಣದಲ್ಲಿ
ಸಾಲಿನ ತುದಿಗೆ ನಿಂತು ಉಸಿರು ಹುಡುಕುವಾಗ
ನಾನು ಮುಂದಿನ ಸಾಲಿಗೆ ಹಾರಿಯಾಗಿತ್ತು.
ಮೂರನೆಯದರಲ್ಲಿ ಪುಸ್ತಕ ಮುಚ್ಚಿದರು.
ನಾಲ್ಕನೆಯದನ್ನು ನಾನು ತುಂಬ ಚೆನ್ನಾಗಿ ನುಡಿಸಿದೆ.

ಹೊರಗೆ ಮೆಟ್ಟಿಲಲ್ಲಿ ಕೊಡೆ ಬಿಡಿಸುತ್ತ ಕೇಳಿದರು,
ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯಬೇಕೆಂಬಂತೆ:
"ಮಗಾ, ಇವತ್ತು ನಿನಗೆ ಬಸ್ ಹಿಡಿಯಲಿಕ್ಕಿತ್ತಾ?"

ಈಗ ಗುರುವಾರ ತಪ್ಪಿಸುವುದಿಲ್ಲ.
ಅದನ್ನು ಭಕ್ತಿ ಅನ್ನಬೇಡಿ, ಹೆದರಿಕೆ ಇರಬಹುದು.
ಗಿರಾಕಿ ಇಲ್ಲದ ಮಧ್ಯಾಹ್ನ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ
ಸೀಮೆಸುಣ್ಣದಲ್ಲಿ ಬಿಳಿ ಕರಿ ಬರೆದು ನುಡಿಸುತ್ತೇನೆ, ಸದ್ದಿಲ್ಲದೆ;
ಪಕ್ಕದ ಬಟನ್ ಅಂಗಡಿಯವನು ಇಣುಕಿ
ಡಾಕ್ಟರಿಗೆ ತೋರಿಸು ಅನ್ನುತ್ತಾನೆ.
ಇಲ್ಲಿ ಬಂದು ಪದ ಓದುತ್ತೇನೆ, ಖಾಲಿ ಬೆಂಚುಗಳಿಗೆ ಕೇಳುವಷ್ಟು.
ಎಡಗೈ ಒಂದೇ. ಬಲಗೈ ಒಂದೇ.
ಆಮೇಲೆ ನುಡಿಸದಿರುವುದನ್ನು ಕಲಿಯುತ್ತೇನೆ:
ಸಾಲು ಮುಗಿದಲ್ಲಿ ಎರಡೂ ಕೈ ಎತ್ತಿ,
ಕಾಲು ತಿದಿಯನ್ನು ತುಂಬುತ್ತಲೇ ಇರುವಾಗ,
ಎಪ್ಪತ್ತೆಂಟು ವರ್ಷದ ಒಂದು ಎದೆ
ಗಾಳಿ ಎಳೆದುಕೊಂಡು ಬರುವವರೆಗೆ ಕಾಯುವುದು.
ಕಸುಬಿನಲ್ಲಿ ಇದಕ್ಕೆ ಮಾರ್ಜಿನ್ ಅನ್ನುತ್ತೇವೆ: ಒಳಗೆ ಮಡಚಿ ಬಿಡುವ ಅಂಚು,
ಮೈ ತುಂಬಿದರೆ ಬಿಚ್ಚಿಕೊಳ್ಳಲೆಂದು.
ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಬಿಡದಿದ್ದರೆ ಕಾಣುತ್ತದೆ.

ಕಳೆದ ವರ್ಷ ಸತ್ಯವತಿಯಮ್ಮನೂ ಹೋದರು.
ಅವರ ಅಳತೆಯ ಬಿಡುವು ಹಾಡಿನಲ್ಲೇ ಉಳಿದಿದೆ.
ಹೊಸ ಪಾದ್ರಿಗಳಿಗೆ ಅದು ಉದ್ದ;
"ಸ್ವಲ್ಪ ಎಳೆದಂತಾಗುತ್ತದಲ್ಲ?" ಅಂದರು.
ನೋಡೋಣ ಅಂದೆ. ನೋಡಲಿಲ್ಲ.

ಒಂಬತ್ತಾಯಿತು. ಸಾಳವೆ ಮಾಮಾ ಬಾಗಿಲಲ್ಲಿ ಕೆಮ್ಮುತ್ತಾರೆ.
ಮಧ್ಯಮ ಮತ್ತೆ ಸಿಕ್ಕಿಕೊಂಡಿದೆ;
ಕತ್ತರಿಯ ತುದಿಯಿಂದ ಎಬ್ಬಿಸುತ್ತೇನೆ.
ಭಾನುವಾರಕ್ಕೆ ಇನ್ನೂ ಮೂರು ದಿನ, ಮಳೆ ಬೇರೆ.